ಹಮಾಸೆಯ ತುತ್ತಿನ ತಾಯಿ

ಹಮಾಸೆ ಕೂಡೂರು,
ಫೆಬ್ರವರಿ ಮೂವತ್ತು, ೨೧೭೧

ಸುಪರ್ಣಕ್ಕನಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಕೂಡಿಟ್ಟು ವರ್ಷದ ಕೊನೆಗೆ ಹಬ್ಬ ಮಾಡುತ್ತೇವೆ. ಈ ಕಾಗದದ ಮಾತುಗಳೂ ನಿಮಗೆ ಹಾಗೆಯೇ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನನಗೆ ಎರಡು ಕನ್ನಡ ಬರುತ್ತದೆ: ಅವ್ವನ ಬಾಯಿಂದ ಬಂದದ್ದು ಒಂದು, ಕಾಲೇಜಿನಲ್ಲಿ ಹಳೆಯ ಪುಸ್ತಕ ಓದಿ ಕಲಿತದ್ದು ಇನ್ನೊಂದು. ಬರೆಯಲು ಕೂತರೆ ಪುಸ್ತಕದ್ದು ಮುಂದೆ ಬರುತ್ತದೆ, ಸಿಟ್ಟು ಬಂದರೆ ಅವ್ವನದು. ನಾನು ಯಾರು ಎಂದರೆ, ಈಗ ನಿಮ್ಮ ತೊಡೆಯ ಮೇಲೆ ಮಲಗಿದೆಯಲ್ಲ, ಆ ಕೂಸಿನ ಮರಿಮಗಳ ಮಗಳು. ಲೆಕ್ಕಕ್ಕೆ ನಿಮ್ಮನ್ನು ಮುತ್ತಜ್ಜಿಗಿಂತ ಮೇಲಿನ ಅಜ್ಜಿ ಎನ್ನಬೇಕು. ಆದರೆ ನನ್ನ ಹಾಗೆಯೇ ನಿದ್ದೆಗೆಟ್ಟ, ನನ್ನದೇ ವಯಸ್ಸಿನ ಬಾಣಂತಿಯನ್ನು ಅಜ್ಜಿ ಎಂದು ಕರೆಯಲು ನಾಲಿಗೆ ಏಳಲಿಲ್ಲ. ಅಕ್ಕ ಎನ್ನುತ್ತೇನೆ.

ನಿದ್ದೆ ಬಾರದ ತಾಯಂದಿರಿಗೆ ನಮ್ಮ ಸೂಲಗಿತ್ತಿಯರು ಮಾತ್ರೆ ಕೊಡುವುದಿಲ್ಲ. ಹಿಂದೋಲೆ ಬರೆಯಿರಿ ಎನ್ನುತ್ತಾರೆ. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಓಲೆ. ತಲುಪುತ್ತದೋ ಇಲ್ಲವೋ ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ನಾನು ನಿಮ್ಮನ್ನು ಆರಿಸಿಕೊಂಡೆ, ಏಕೆಂದರೆ ಗದಗದಿಂದ ಈ ದೇಶಕ್ಕೆ ಮೊದಲು ಬಂದವರು ನೀವು, ಇಲ್ಲಿಯ ವೃದ್ಧರಿಗೆ ಸ್ನಾನ ಮಾಡಿಸಿ, ಉಣಿಸಿ, ಹಾಸಿಗೆ ಬದಲಿಸಿ ನಮ್ಮ ಬೇರು ಊರಿದವರು ನೀವು. ನೀವಿರುವ ಊರು ಈಗ ಮುಚ್ಚಿದ ಊರುಗಳಲ್ಲಿ ಒಂದು. ಜನ ಕಡಿಮೆಯಾದಾಗ ಅಂಥ ಊರಿನ ಕೊನೆಯವರು ಗುಡಿಗೆ ಬೀಗ ಹಾಕಿ, ಕರಾವಳಿಯ ದೊಡ್ಡ ಊರಿಗೆ ಬಂದು ಸೇರಿದರು. ಹಾಗೆ ಹಲವು ಊರು ಕೂಡಿ ಆದದ್ದು ಕೂಡೂರು. ಹಮಾಸೆ ಅಂಥದ್ದೊಂದು. ಕಡಲಿನ ಕಡೆಗೆ ವಿದ್ಯುತ್ ತೆಗೆಯುವ ಗಾಳಿಗಂಬಗಳು, ಬೆಟ್ಟದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು. ನನ್ನ ಗಂಡ ಇಸಾವೊ ಆ ಕಂಬಗಳ ರಿಪೇರಿಯವನು. ಹೋದರೆ ವಾರಗಟ್ಟಲೆ ನೀರಿನ ಮೇಲೆಯೇ. ಅವನ ಕೆಲಸಕ್ಕಾಗಿ ನಾವು ಇಲ್ಲಿಗೆ ಬಂದದ್ದು, ಇಲ್ಲಿಯೇ ನನ್ನ ಮಗಳು ಹೇಮಿ ಹುಟ್ಟಿದ್ದು.

ನಿಮ್ಮ ಕಾಲದ ಕತೆಗಳು ನಮ್ಮ ಮನೆಯಲ್ಲಿ ಇವೆ. ಫೋನಿನಲ್ಲಿ ಬಾಡಿಗೆಗೆ ಒಪ್ಪಿದ ಮನೆಯವನು ನಿಮ್ಮ ಮುಖ ನೋಡಿದ ಮೇಲೆ ಮನೆ ಈಗಷ್ಟೇ ಹೋಯಿತು ಎಂದದ್ದು. ರೈಲು ತುಂಬಿದ್ದರೂ ನಿಮ್ಮ ಪಕ್ಕದ ಸೀಟು ಖಾಲಿ ಉಳಿಯುತ್ತಿದ್ದದ್ದು, ನೀವು ಅದರ ಮೇಲೆ ತರಕಾರಿ ಚೀಲ ಇಟ್ಟು "ಇದಕ್ಕಾದ್ರೂ ಜಾಗ ಸಿಕ್ತಲ್ಲ" ಎಂದು ನಗುತ್ತಿದ್ದದ್ದು. ಅಕ್ಕ, ಆ ಸೀಟುಗಳಲ್ಲಿ ಈಗ ಜನ ಕೂರುತ್ತಾರೆ. ಮನೆ ಕೊಡುವುದಿಲ್ಲ ಎನ್ನುವವರಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೆ ವಿಯೆಟ್ನಾಮಿನ, ನೇಪಾಳದ, ಬ್ರೆಜಿಲಿನ, ನಮ್ಮ ಹೆಸರುಗಳೆಲ್ಲ ಇಲ್ಲಿಯ ಹೆಸರುಗಳ ಜೊತೆ ಬೆರೆತು ಬರುತ್ತವೆ. ಯಾರೂ ಯಾರನ್ನೂ ಹೊರಗಿನವರು ಎನ್ನುವುದಿಲ್ಲ. ಹಾಗೆ ಅನ್ನುವುದು ಈಗ ಊಟದ ಮುಂದೆ ಉಗುಳಿದಂತೆ. ಆದರೂ ಏನೋ ಒಂದು ಉಳಿದಿದೆ, ತೊಳೆದ ಪಾತ್ರೆಯಲ್ಲಿ ಮೀನಿನ ವಾಸನೆ ಉಳಿದ ಹಾಗೆ. ಅದು ದ್ವೇಷವಲ್ಲ, ಎಚ್ಚರ. ನನ್ನೊಡನೆ ಮಾತನಾಡುವಾಗ ಹಿರಿಯರ ಬೆನ್ನು ಒಂದಿಷ್ಟು ಹೆಚ್ಚು ಬಾಗುತ್ತದೆ, ಮಾತು ಒಂದಿಷ್ಟು ನಿಧಾನವಾಗುತ್ತದೆ. ಈ ದೇಶದಲ್ಲೇ ಹುಟ್ಟಿದ ನನಗೆ ಅಂಗಡಿಯ ಮುದುಕರು "ಭಾಷೆ ಎಷ್ಟು ಚೆನ್ನಾಗಿ ಆಡುತ್ತೀರಿ" ಎನ್ನುತ್ತಾರೆ. ನಾನು "ನೀವೂ" ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಅದೇ ತಲೆಯಲ್ಲಿ ಸುತ್ತುತ್ತದೆ.

ಇಷ್ಟನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಹೇಮಿ ಹುಟ್ಟಿದ ಮೇಲೆ ಆಗಲಿಲ್ಲ, ಏಕೆಂದರೆ ಅವಳಿಗೆ ತುತ್ತಿನ ತಾಯಿ ಬೇಕಿತ್ತು.

ಮಗುವಿಗೆ ಮೊದಲ ತುತ್ತು ತೋರಿಸುವ ಶಾಸ್ತ್ರ ನಿಮ್ಮ ಕಾಲದಲ್ಲೂ ಇಲ್ಲಿ ಇತ್ತು. ನಮ್ಮ ಅನ್ನಪ್ರಾಶನದ ತಂಗಿಯಂಥದ್ದು. ಹಿರಿಯರೊಬ್ಬರು ಅನ್ನದ ಅಗುಳನ್ನು ಮಗುವಿನ ತುಟಿಗೆ ತಾಗಿಸುತ್ತಾರೆ, ಹಲ್ಲು ಗಟ್ಟಿಯಾಗಲಿ ಎಂದು ಒಂದು ಹರಳುಕಲ್ಲನ್ನೂ ತಟ್ಟೆಯಲ್ಲಿ ಇಡುತ್ತಾರೆ. ಆಗ ಅದು ಮನೆಯೊಳಗಿನ ಸಂಭ್ರಮ. ಕೂಡೂರುಗಳಲ್ಲಿ ಅದು ಬೀದಿಯದ್ದಾಯಿತು. ತುತ್ತು ಉಣಿಸುವವಳು ನೆಂಟಳಾಗಿರಬಾರದು, ಅದೇ ಮನೆಸಾಲಿನ ಹಿರಿಯ ಹೆಂಗಸಾಗಿರಬೇಕು, ಒಬ್ಬಳಿಗೆ ಒಂದೇ ಮಗು. ಕಡಲು ಏರುವ ಸೂಚನೆಗೆ ಬಾರಿಸುವ ಅಲೆಗಂಟೆ ಕೇಳಿದಾಗ ತಾಯಿ ಎಲ್ಲಿದ್ದರೂ ಮಗುವನ್ನೆತ್ತಿಕೊಂಡು ಬೆಟ್ಟ ಹತ್ತುವವಳು ಅವಳೇ. ತುತ್ತಿನ ತಾಯಿ ಇಲ್ಲದ ಮಗುವನ್ನು ಯಾರೂ ದೂಡುವುದಿಲ್ಲ. ಆದರೆ ಅದು ಮನೆಯ ಮಗುವಾಗಿ ಉಳಿಯುತ್ತದೆ, ಬೀದಿಯ ಮಗುವಾಗುವುದಿಲ್ಲ. ಇನ್ನೊಂದು ಕಟ್ಟಳೆಯಿದೆ. ಇದನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿದರೆ ಆ ಹಿರಿಯಳು ಇಲ್ಲವೆನ್ನಲಾರದೆ ಇಕ್ಕಟ್ಟಿಗೆ ಬೀಳುತ್ತಾಳಲ್ಲ! ಅವಳಾಗಿಯೇ ತೀರದಿಂದ ಹರಳುಕಲ್ಲು ಹೆಕ್ಕಿ, ತೊಳೆದು, ಬಾಗಿಲಿಗೆ ತರಬೇಕು. ತಾಯಿ ಕಾಯಬೇಕು.

ನಮ್ಮ ಸಾಲಿನಲ್ಲಿ ತುತ್ತಿನ ಮಗು ಇಲ್ಲದೆ ಉಳಿದ ಹಿರಿಯ ಹೆಂಗಸು ಒಬ್ಬರೇ, ಪಕ್ಕದ ಮನೆಯ ಕುರಾಹಾಶಿ ಸಾನ್. ಎಂಬತ್ತು ದಾಟಿದವರು, ಒಂಟಿ, ಹಿಂದೆ ಮೀನು ಒಣಗಿಸುವ ಕೆಲಸದಲ್ಲಿದ್ದವರು. ಹೇಮಿ ಹುಟ್ಟಿದ ವಾರ ಅವರು ಒಣಗಿಸಿದ ಪರ್ಸಿಮನ್ ಹಣ್ಣುಗಳನ್ನು ಬಿದಿರಿನ ಪುಟ್ಟ ಬುಟ್ಟಿಯಲ್ಲಿ ತಂದುಕೊಟ್ಟರು. ಆ ಹೊತ್ತಿಗೆ ನನ್ನ ಬಾಣಂತನಕ್ಕೆ ಅವ್ವ ಬಂದಿದ್ದಳು. ನನ್ನ ಕಿವಿಗೆ ಸ್ಕಾರ್ಫು ಬಿಗಿದು, ಕೋಣೆಗೆ ಹೊಗೆ ಹಾಕಿ, ಹಿಮ ಬೀಳುವ ಊರಿನಲ್ಲಿ ಬಾಣಂತಿಯರು ತಿನ್ನುವ ಗಟ್ಟಿ ಅಂಟಿನ ಉಂಡೆ ಕಟ್ಟುತ್ತಿದ್ದ ಅವ್ವ ಬುಟ್ಟಿಯನ್ನು ನೋಡಿದವಳೇ, "ಬುಟ್ಟಿ ಖಾಲಿ ಹೆಂಗ ಕೊಡೂದವಾ? ನಾಕ ಕಾಳು ಸಕ್ಕರಿ ಆದ್ರೂ ಹಾಕಿ ಕೊಡಬೇಕು" ಎಂದು, ಸಕ್ಕರೆ ಸಾಲದೆಂದು ಉಂಡೆಗಳನ್ನೇ ತುಂಬಿ ಕಳಿಸಿದಳು. ಬುಟ್ಟಿಯಲ್ಲಿ ಹಿಡಿಸದೆ ಉಳಿದದ್ದನ್ನು ನಮ್ಮ ಸ್ಟೀಲ್ ಡಬ್ಬಿಯಲ್ಲಿ ಇಟ್ಟಳು. ಇಲ್ಲಿಯ ಜನ, ನಿಮಗೆ ಗೊತ್ತೇ ಇದೆ, ಕೊಟ್ಟದ್ದಕ್ಕೆ ಮರಳಿ ಕೊಡದೆ ಇರುವವರಲ್ಲ. ಡಬ್ಬಿಯಲ್ಲಿ ಉಪ್ಪಿನಲ್ಲಿಟ್ಟ ಮೂಲಂಗಿ ಬಂತು, ಮೇಲೊಂದು ತಟ್ಟೆಯಲ್ಲಿ ಅಕ್ಕಿ ಬಿಸ್ಕತ್ತು. ಅವ್ವ ತಟ್ಟೆಯಲ್ಲಿ ಚಕ್ಕಲಿ ಕಳಿಸಿದಳು. ಅಲ್ಲಿಂದ ಮೀನು. ನಾವು ಮೀನು ತಿನ್ನುವುದಿಲ್ಲ, ಎದುರುಮನೆಯ ಬೆಕ್ಕು ದಪ್ಪವಾಯಿತು. ಇಲ್ಲಿಂದ ಶೇಂಗಾ ಹೋಳಿಗೆ.

"ಆ ಮುದುಕಿ ಸೋಲೂ ಹಂಗ ಕಾಣಂಗಿಲ್ಲ," ಎಂದಳು ಅವ್ವ, ಲಟ್ಟಣಿಗೆ ಹಿಡಿದುಕೊಂಡು. "ನಾನೂ ಗದಗಿನಾಕಿ. ಬಿಡಂಗಿಲ್ಲ."

"ಅವ್ವಾ, ನೀನು ಗದಗ ನೋಡೇ ಇಲ್ಲ."

"ನೋಡ್ಬೇಕೇನ? ಹಿಟ್ಟು ನಾದಿದ್ರ ತಿಳೀತದ."

ಆಮೇಲೆ ಒಂದು ದಿನ ಕುರಾಹಾಶಿ ಸಾನ್ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ತುಂಬ ತೊಂದರೆ ಕೊಟ್ಟೆ ಎಂದು ಬಗ್ಗಿ ನಮಿಸಿ ಡಬ್ಬಿ ಕೊಟ್ಟು ಹೋದರು. ಫಳಫಳ ತೊಳೆದ ಡಬ್ಬಿ. ಖಾಲಿ. ಅವ್ವ ಮುಚ್ಚಳ ತೆಗೆದು ಒಳಗೆ ನೋಡಿದಳು, ಮತ್ತೆ ಮುಚ್ಚಿದಳು. ನಮ್ಮಲ್ಲಿ ಡಬ್ಬಿ ಖಾಲಿ ಬಂದರೆ ಏನರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ: ಇನ್ನು ಹೋಗುವುದು ಬರುವುದು ಬೇಡ ಅಂತ.

ಅಂದಿನಿಂದ ಅವರ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಶಾಸ್ತ್ರದ ದಿನ ಹತ್ತಿರವಾಗುತ್ತಿತ್ತು, ಹರಳುಕಲ್ಲು ಬರಲಿಲ್ಲ. ನಾನು ಏನೆಲ್ಲ ಯೋಚಿಸಿದೆ ಎಂದರೆ ಬರೆಯಲು ನಾಚಿಕೆ. ತುಪ್ಪ ಕಾಯಿಸಿದ ವಾಸನೆಗೆ ಬೇಸತ್ತರೇ? ಹೊಗೆ ಅವರ ಮನೆಗೆ ಹೋಯಿತೇ? ಹೊಸಬರೆಂದೇ, ಇಲ್ಲ ನಮ್ಮ ಬಣ್ಣವೇ? ಒಂದು ದಿನ ಅವ್ವನ ಮೇಲೆ ಕೂಗಾಡಿಬಿಟ್ಟೆ, "ನಿನ್ನ ಉಂಡಿ ನಿನ್ನ ಚಕ್ಕಲಿ! ಐದು ತಲಿಮಾರು ಇಲ್ಲೇ ಹುಟ್ಟಿ ಇಲ್ಲೇ ಸತ್ರೂ ನಾವು ಹೊರಗಿನವ್ರ ಅಂತ ತೋರಿಸಿಬಿಟ್ಟಿ" ಎಂದು. ಅವ್ವ ಹೇಮಿಯನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತದೆ, "ಅಳಬ್ಯಾಡ, ಹಾಲು ಬತ್ತತಾವ" ಎಂದಳು. ಅಷ್ಟೇ. ಅವಳ ಕಣ್ಣೂ ಒದ್ದೆಯಾಗಿತ್ತು.

ಶಾಸ್ತ್ರದ ಹಿಂದಿನ ವಾರ ಅಲೆಗಂಟೆಯ ಅಭ್ಯಾಸ ಬಂತು. ಗಂಟೆ ಹೊಡೆದ ಕೂಡಲೇ ಇಡೀ ಊರು ಕೈಯಲ್ಲಿದ್ದುದನ್ನು ಬಿಟ್ಟು ಬೆಟ್ಟ ಹತ್ತಬೇಕು. ತುತ್ತಿನ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಮೊದಲು ಹೊರಡುತ್ತಾರೆ, ಹೆತ್ತವರು ಹಿಂದೆ. ಆ ಸಾಲಿನಲ್ಲಿ ಮಗುವನ್ನು ತಾನೇ ಹೊತ್ತು ನಡೆದ ತಾಯಿ ನಾನೊಬ್ಬಳೇ. ಯಾರೂ ನನ್ನತ್ತ ನೋಡಲಿಲ್ಲ. ನನಗೆ ಮುಜುಗರವಾಗಬಾರದೆಂದು ನೋಡಲಿಲ್ಲ. ಆ ಸೌಜನ್ಯವೇ ನನ್ನನ್ನು ಚುಚ್ಚಿತು. ಮೇಲೆ ಪೈನ್ ಮರಗಳ ಕೆಳಗೆ ನಿಂತಾಗ ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು. ಕುರಾಹಾಶಿ ಸಾನ್.

ಕಡಲನ್ನೇ ನೋಡುತ್ತ ಅವರು ಕೇಳಿದರು, "ನೀವು ಊರು ಬಿಡುತ್ತೀರೇನು?"

ನಾನು ಬೆಚ್ಚಿದೆ. ಹಾಗೇಕೆ ಕೇಳುತ್ತೀರಿ ಎಂದೆ.

"ಏನು ಕೊಟ್ಟರೂ ಮಾರನೆಯ ದಿನವೇ ತೀರಿಸಿಬಿಡುತ್ತಿದ್ದಿರಿ. ಊರು ಬಿಡುವವರು ಹಾಗೆ ಮಾಡುತ್ತಾರೆ, ಯಾರ ಹಂಗೂ ಉಳಿಯಬಾರದೆಂದು. ಅದಕ್ಕೇ ಕೊನೆಗೆ ಡಬ್ಬಿಯನ್ನು ಖಾಲಿ ಕೊಟ್ಟೆ. ಹಂಗು ನನ್ನ ಮೇಲೆ ಇರಲಿ ಅಂತ. ಋಣ ಇದ್ದವಳು ಮತ್ತೆ ಬರಲೇಬೇಕಲ್ಲ."

ಅಕ್ಕ, ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ನಮ್ಮ ಮನೆಯ ಶಾಸ್ತ್ರವನ್ನು ಹೇಳಿದೆ, ಖಾಲಿ ಪಾತ್ರೆ ಕೊಟ್ಟರೆ ಏನರ್ಥ ಎಂಬುದನ್ನೂ. ಅವರು ಬಾಯಿಗೆ ಕೈ ಹಿಡಿದುಕೊಂಡರು. "ನಿಮ್ಮ ತಾಯಿ ನನ್ನನ್ನು ಏನಂದುಕೊಂಡಿರಬೇಕು! ನಾನು ಮತ್ತೊಮ್ಮೆ ಬಂದಿದ್ದೆ, ನಿಮ್ಮ ಬಾಗಿಲವರೆಗೆ. ಒಳಗೆ ಅವರು ಹಾಡುತ್ತಿದ್ದರು, ಒಂದು ಮಾತೂ ತಿಳಿಯಲಿಲ್ಲ. ಮಗು ಎಷ್ಟು ಸುಮ್ಮನಿತ್ತು! ಅಷ್ಟು ಚೆನ್ನಾಗಿ ಹಾಡುವ ಅಜ್ಜಿ ಇರುವಾಗ ಇಲ್ಲಿ ಹೊರಗಿನವಳು ನಾನೇ ಅನ್ನಿಸಿತು. ತಿರುಗಿ ಹೋದೆ." ತಗ್ಗಿದ ದನಿಯಲ್ಲಿ, "ಮತ್ತೆ ಆ ಉಂಡೆ... ಕ್ಷಮಿಸಿ, ನನ್ನ ಹಲ್ಲಿಗೆ ಆಗಲಿಲ್ಲ" ಎಂದರು.

ಆಗ ಕೇಳಬಾರದ್ದನ್ನು ಕೇಳಿದೆ. ಹೇಮಿಗೆ ತುತ್ತು ಉಣಿಸುತ್ತೀರಾ, ಎಂದು. ಅಕ್ಕಪಕ್ಕದವರು ತಿರುಗಿ ನೋಡಿದರು.

"ಹೀಗೆ ಕೇಳುವ ಪದ್ಧತಿ ಇಲ್ಲ," ಎಂದರು ಅವರು.

"ಗೊತ್ತು."

"ಗೊತ್ತಿದ್ದೂ ಕೇಳಿದಿರಾ?"

"ಹೌದು."

ಅವರು ನನ್ನ ಮುಖ ನೋಡಿದರು. "ನನಗೆ ತೊಂದರೆಯಾದೀತೆಂದು ಜನ ನನ್ನನ್ನು ಏನೂ ಕೇಳುವುದೇ ಇಲ್ಲ. ಎಷ್ಟು ವರ್ಷವಾಯಿತೋ." ಇಷ್ಟೇ ಅಂದು ಎರಡೂ ಕೈ ಚಾಚಿದರು. ನಾನು ಮಗುವನ್ನು ಕೊಟ್ಟೆ. ಇಳಿಯುವಾಗ ಮೆಟ್ಟಿಲುಗಳ ಮೇಲೆ ಇಡೀ ಸಾಲು ನೋಡುವಂತೆ ಕುರಾಹಾಶಿ ಸಾನ್ ಹೇಮಿಯನ್ನು ಎತ್ತಿಕೊಂಡು ಮುಂದೆ ನಡೆದರು. ಅವರ ಮೊಣಕಾಲು ಎಲ್ಲಿ ಸೋಲುತ್ತದೋ ಎಂದು ನಾನು ಒಂದು ಮೆಟ್ಟಿಲು ಹಿಂದೆಯೇ ಇಳಿದೆ. ನಮಗಿಂತ ಮೊದಲೇ ಇಳಿದು ಕೆಳಗೆ ನಿಂತಿದ್ದ ಅವ್ವ ಎಲ್ಲವನ್ನೂ ಕೇಳಿ, "ಹಲ್ಲಿಲ್ಲಂದ್ರ ಮೊದಲ ಹೇಳಬಾರದಾ, ಮೆತ್ತನ್ನ ಮಾದಲಿ ಮಾಡಿಕೊಡ್ತಿದ್ನಿ" ಎಂದಳು.

ನಿನ್ನೆ ಶಾಸ್ತ್ರವಾಯಿತು. ಅನ್ನದ ಅಗುಳು ತುಟಿಗೆ ತಾಗಿದಾಗ ಹೇಮಿ ಮುಖ ಹುಳ್ಳಗೆ ಮಾಡಿದಳು, ಅವ್ವ ಕುರಾಹಾಶಿ ಸಾನ್ ಅವರ ಮೊಣಕೈಗೆ ತನ್ನ ಅಂಗೈ ಆನಿಸಿದ್ದಳು. ನನಗೆ ಈಗಲೂ ನಿದ್ದೆಯಿಲ್ಲ. ನಾಳೆ ನನ್ನ ಮಗಳಿಗೂ ಯಾರಾದರೂ ಭಾಷೆ ಚೆನ್ನಾಗಿದೆ ಎಂದಾರು, ಎಷ್ಟನೆಯ ತಲೆಮಾರು ಎಂದು ಕೇಳಿಯಾರು. ಅದೆಲ್ಲ ನಿಂತೀತು ಎಂಬ ಭರವಸೆಯನ್ನು ನಿಮಗೆ ಕೊಡಲಾರೆ. ನಿಮಗೆ ಮನೆ ಕೊಡದವನ ಪರವಾಗಿಯೂ ನಾನು ವಾದಿಸಲಾರೆ. ಅವನು ಮಾಡಿದ್ದು ಅನ್ಯಾಯವೇ. ಆದರೆ ಮುಚ್ಚಿದ ಬಾಗಿಲುಗಳೆಲ್ಲ ಅವನದಲ್ಲ, ಅಕ್ಕ. ಕೆಲವು ಬಾಗಿಲುಗಳ ಹಿಂದೆ, ತಾನು ಹೊರಗೆ ಬಂದರೆ ನಿಮಗೆ ತೊಂದರೆಯಾದೀತೆಂದು ಹೆದರಿ ಯಾರೋ ನಿಂತಿರುತ್ತಾರೆ.

ಅದಕ್ಕೇ ಒಂದು ಬೇಡಿಕೆ. ನಮ್ಮ ಮನೆಯಲ್ಲಿ ನಿಮ್ಮದೊಂದು ಕತೆ ಹೇಳುತ್ತಾರೆ. ಮೊದಲ ಚಳಿಗಾಲದಲ್ಲಿ ಕೂಸಿಗೆ ಜ್ವರ ಬಂದಾಗ, ಪಕ್ಕದವರನ್ನು ಎಬ್ಬಿಸಿದರೆ ಏನಂದುಕೊಳ್ಳುತ್ತಾರೋ ಎಂದು, ನೀವು ಅದನ್ನು ಸೀರೆಯಲ್ಲಿ ಎದೆಗೆ ಕಟ್ಟಿಕೊಂಡು ಮೊಣಕಾಲುದ್ದ ಹಿಮದಲ್ಲಿ ಒಬ್ಬರೇ ಆಸ್ಪತ್ರೆಗೆ ನಡೆದಿರಂತೆ. ಕೂಸು ಉಳಿಯಿತು, ಅದಕ್ಕೇ ನಾವಿದ್ದೇವೆ. ಅಜ್ಜಿಯರು ಇದನ್ನು ನಿಮ್ಮ ಧೈರ್ಯವೆಂದು ಹೇಳಿ ಮಕ್ಕಳನ್ನು ಬೆಳೆಸಿದರು, ನಾನೂ ಹೆಮ್ಮೆಪಟ್ಟೆ. ಈ ಕಾಗದ ಆ ಚಳಿಗಾಲಕ್ಕೆ ಮೊದಲು ತಲುಪಿದರೆ, ಪಕ್ಕದ ಮನೆಯ ಬಾಗಿಲು ತಟ್ಟಿ. ತೆರೆಯದಿದ್ದರೆ ಇನ್ನೊಂದನ್ನು ತಟ್ಟಿ. ಅವರಿಗೆ ತೊಂದರೆ ಕೊಡಿ. ನಮ್ಮ ಮಕ್ಕಳಿಗೆ ಹೇಳಲು ಆ ಕತೆ ಇಲ್ಲದೆಯೇ ಹೋಗಲಿ.

ನಿಮ್ಮ
ಹೊನ್ನಮಿ