ನೀರಿನ ಟ್ಯಾಂಕು ಎಡಕ್ಕೆ ಬಂದದ್ದು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗುಬ್ಬೀ,

ಕೈಬರಹ ನೋಡಿಯೇ ಹರಿದು ಹಾಕಬೇಡ. ಆರು ವರ್ಷ ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಹಕ್ಕು ನನಗಿಲ್ಲ, ಕೇಳುವುದಿಲ್ಲ. ಕೊನೆಯವರೆಗೆ ಓದು, ಅಷ್ಟೇ.

ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ನನಗೆ ಉಳಿದದ್ದು ಪತ್ರಿಕೆಗಳಿಗೆ ಕಾಗದ ಬರೆಯುವ ಕೆಲಸ. ಚರಂಡಿ ಮುಚ್ಚಳ, ಬೀದಿದೀಪ, ಕಲಬೆರಕೆ ಎಣ್ಣೆ, ಯಾವುದನ್ನೂ ಬಿಟ್ಟವಳಲ್ಲ. ಈಚೆಗೆ ಅವರು ಅಚ್ಚು ಹಾಕುವುದನ್ನು ನಿಲ್ಲಿಸಿದ್ದಾರೆ. ಕೈ ಸುಮ್ಮನಿರಲಾರದೆ ಹೊಲಿಗೆ ಕಲಿಯಲು ಹೋದೆ. ಎಲ್ಲಿಗೆ ಎಂದು ಕೇಳಿದರೆ ನಿನಗೆ ಸಿಟ್ಟು ಬರುತ್ತದೆ. ಅದೇ ದರ್ಜಿಯ ಅಂಗಡಿಗೆ. ಅವನ ಸೊಸೆ ಶನಿವಾರ ಮಧ್ಯಾಹ್ನ ನಾಲ್ಕೈದು ಹೆಂಗಸರಿಗೆ ಹೇಳಿಕೊಡುತ್ತಾಳೆ.

ಅವಳು ಕಲಿಸುವುದು ಕಾಗದದ ಮೇಲೆ ಕೌದಿ ಹೊಲಿಯುವ ವಿದ್ಯೆ. ತೆಳು ಕಾಗದದ ಮೇಲೆ ಚಿತ್ರದ ಗೆರೆ ಎಳೆದು, ಒಂದೊಂದು ಭಾಗಕ್ಕೂ ಸಂಖ್ಯೆ ಹಾಕಬೇಕು. ಬಟ್ಟೆಯ ತುಂಡನ್ನು ಕಾಗದದ ಅಡಿಗಿಟ್ಟು, ಮೇಲಿನ ಗೆರೆಯ ಗುಂಟ ಸಣ್ಣ ಸಣ್ಣ ಹೊಲಿಗೆ ಹಾಕಿ, ಮಡಚಿ, ಉಳಿದದ್ದನ್ನು ಕತ್ತರಿಸಿ, ಮುಂದಿನ ತುಂಡಿಗೆ ಹೋಗಬೇಕು. ಎಲ್ಲ ಮುಗಿದ ಮೇಲೆ ಕಾಗದ ಹರಿದು ತೆಗೆದರೆ ಬಟ್ಟೆಯ ಚಿತ್ರ ಉಳಿಯುತ್ತದೆ. ಎಷ್ಟು ಓದಿದವಳಾದರೂ ನಾನು ಮೊದಲ ದಿನವೇ ಹಳದಿ ತುಂಡನ್ನು ಉಲ್ಟಾ ಹೊಲಿದು ನಗೆಪಾಟಲಾದೆ. ಪಕ್ಕದಲ್ಲಿದ್ದ ನರ್ಸಮ್ಮ, ಪುಸ್ತಕ ತಲೆಕೆಳಗು ಹಿಡಿದೋರನ್ನ ನೀವು ಹೀಗೇ ಬೈತಿದ್ರಲ್ವಾ ಎಂದು ಕಿಚಾಯಿಸಿದಳು.

ಮೂರನೆಯ ಶನಿವಾರ, ಕಣ್ಣಿಗೆ ಕಂಡದ್ದನ್ನು ಬರೆದು ಅಂಗೈಯಗಲದ ಕೌದಿ ಮಾಡಿ ಎಂದಳು ದರ್ಜಿಯ ಸೊಸೆ. ನಾನು ಬಾಗಿಲ ಬಳಿ ಕೂತು ಎದುರಿನ ರಸ್ತೆಯನ್ನೇ ಬರೆದೆ. ಎಡಕ್ಕೆ ಬ್ಯಾಂಕು, ಬಲಕ್ಕೆ ನಾಲ್ಕು ಕಾಲಿನ ನೀರಿನ ಟ್ಯಾಂಕು, ನಡುವೆ ರಸ್ತೆ. ಎರಡು ವಾರ ಹೊಲಿದೆ. ಮುಗಿದ ಮೇಲೆ ಮಗುಚಿ ನೋಡಿದರೆ ಟ್ಯಾಂಕು ಎಡಕ್ಕೆ ಬಂದಿತ್ತು, ಬ್ಯಾಂಕು ಬಲಕ್ಕೆ. ಗೆರೆ ಒಂದು ಮುಖಕ್ಕೆ, ಬಟ್ಟೆ ಇನ್ನೊಂದು ಮುಖಕ್ಕೆ ಇರುವುದರಿಂದ ಚಿತ್ರ ಹಾಗೆ ಅದಲುಬದಲಾಗುತ್ತದಂತೆ. ಉಳಿದವರೆಲ್ಲ ಅಯ್ಯೋ ಎಂದರು. ನನಗೆ ಮಾತ್ರ ಅದು ಅದಲುಬದಲಾದಂತೆ ಕಾಣಲೇ ಇಲ್ಲ. ಆ ದಿನ ನಾನು ಕಂಡ ರಸ್ತೆ ಅದೇ.

ನಿಧಾನವಾಗಿ ಬರೆಯುತ್ತೇನೆ. ಅಂದು ನಾನು ಇದೇ ದರ್ಜಿಯ ಅಂಗಡಿಯಲ್ಲಿದ್ದಾಗ ಎರಡು ಬಸ್ಸು ಎದುರುಬದುರಾಗಿ ಬಂದವು, ಒಂದೇ ಕಂಪನಿಯವು, ಒಂದೇ ಹಸಿರು ಬಣ್ಣ. ರಸ್ತೆ ದಾಟುತ್ತಿದ್ದ ಅಂಚೆ ಕಚೇರಿಯ ಗುಮಾಸ್ತೆ ಅವೆರಡರ ನಡುವೆ ಸತ್ತುಬಿದ್ದಳು. ಇಬ್ಬರು ಚಾಲಕರೂ ನಾನಲ್ಲ ಎಂದರು. ಅವರಲ್ಲೊಬ್ಬ ನಿನ್ನ ಗಂಡ, ಅವನು ಬಂದದ್ದು ಬ್ಯಾಂಕಿನ ಕಡೆಯಿಂದ. ಹೊಡೆದ ಕ್ಷಣವನ್ನು ಕಂಡವಳು ನಾನೊಬ್ಬಳೇ. ಎಡಗಡೆಯಿಂದ ಬಂದ ಬಸ್ಸು ಹೊಡೆಯಿತು ಎಂದು ಸಾಕ್ಷಿ ಹೇಳಿದೆ. ಅಂಗಡಿಯ ಬಾಗಿಲಲ್ಲಿ ನಿಂತರೆ ಎಡಕ್ಕೆ ಬ್ಯಾಂಕು. ಅಳಿಯನಿಗೆ ಎರಡು ವರ್ಷ ಜೈಲಾಯಿತು.

ಆದರೆ ಗುಬ್ಬೀ, ನನ್ನ ನೆನಪಿನಲ್ಲಿ ಎಡಗಡೆಯಿಂದ ಬರುವ ಆ ಬಸ್ಸಿನ ನೆತ್ತಿಯ ಮೇಲೆ ನೀರಿನ ಟ್ಯಾಂಕು ಇದೆ. ಅದರ ನಾಲ್ಕು ಕಾಲೂ ಇವೆ. ಟ್ಯಾಂಕು ಇರುವುದು ಬಲಕ್ಕೆ.

ಕೌದಿ ಹಿಡಿದುಕೊಂಡೇ ದರ್ಜಿಯ ಹತ್ತಿರ ಹೋಗಿ, ಅವತ್ತು ನಾನು ಎಲ್ಲಿ ನಿಂತಿದ್ದೆ ಎಂದು ಕೇಳಿದೆ. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಡಲೂ ಇಲ್ಲ.

“ಒಳಗೆ, ದೊಡ್ಡ ಕನ್ನಡಿ ಮುಂದೆ. ನಿಮ್ಮ ಕೋಟಿನ ಬೆನ್ನಿಗೆ ನಾನು ಗುಂಡುಸೂಜಿ ಚುಚ್ತಾ ಇದ್ದೆ. ರಸ್ತೆ ನಿಮ್ಮ ಬೆನ್ನ ಹಿಂದಿತ್ತಲ್ಲಮ್ಮ.”

ಆ ಕನ್ನಡಿಯನ್ನು ಈಗ ಪಕ್ಕದ ಕೋಣೆಗೆ ಸಾಗಿಸಿದ್ದಾರೆ. ಅವನು ಹೇಳುವವರೆಗೂ ಅದು ನನ್ನ ನೆನಪಿನಲ್ಲೇ ಇರಲಿಲ್ಲ. ನಾನು ಆ ಸಾವನ್ನು ಕಂಡದ್ದು ಕನ್ನಡಿಯಲ್ಲಿ. ಎಡ ಬಲವಾಗಿತ್ತು. ಹೊಡೆದದ್ದು ಟ್ಯಾಂಕಿನ ಕಡೆಯಿಂದ ಬಂದ ಇನ್ನೊಂದು ಬಸ್ಸು.

ಇದನ್ನು ಆಗಲೇ ಏಕೆ ಹೇಳಲಿಲ್ಲ ಎಂದು ದಬಾಯಿಸಿದೆ. ಯಾರೂ ಕೇಳಲಿಲ್ಲ ಎಂದ. ಮುಂದಿನ ಅಂಗಿಯನ್ನು ಹಾಸುತ್ತಾ, “ನೀವು ಕಂಡೆ ಅಂದ್ಮೇಲೆ ನಿಮ್ಮ ಮುಂದೆ ಯಾರಮ್ಮ ಬಾಯಿ ಬಿಡ್ತಾರೆ?” ಎಂದ.

ನನಗೆ ಸಿಟ್ಟು ಬಂದದ್ದು ನಿಜ. ಎರಡು ಕಡೆಯ ವಕೀಲರು, ಒಬ್ಬ ನ್ಯಾಯಾಧೀಶ, ತನಿಖೆಯ ಅಧಿಕಾರಿ, ಇಷ್ಟು ಜನರಲ್ಲಿ ಒಬ್ಬರಾದರೂ ನೀವು ಯಾವ ಕಡೆ ಮುಖ ಮಾಡಿದ್ದಿರಿ ಎಂದು ಕೇಳಬೇಡವೇ? ನನ್ನ ಕನ್ನಡಕದ ನಂಬರು ಕೇಳಿದರು. ನನ್ನ ವಯಸ್ಸು ಕೇಳಿದರು. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದವಳು ನಾನಲ್ಲವೇ? ತೀರ್ಪಿನ ದಿನ ಆ ಇನ್ನೊಬ್ಬ ಚಾಲಕ ನ್ಯಾಯಾಲಯದ ಮೆಟ್ಟಿಲ ಮೇಲೆ ನನಗೆ ಕೈಮುಗಿದು, ನಿಮ್ಮಂಥವರು ಇರೋದಕ್ಕೇ ಮಳೆ ಬೆಳೆ ಆಗ್ತಿದೆ ಎಂದಿದ್ದ. ನಾನು ಹಿಗ್ಗಿದ್ದೆ. ಅವನು ಹೋದ ವರ್ಷ ತೀರಿಕೊಂಡ. ಬಾಯಿ ಬಿಡಿಸಲು ಅವನೂ ಇಲ್ಲ.

ಅದೇ ದಿನ ಅದೇ ಮೆಟ್ಟಿಲ ಮೇಲೆ ನೀನು, ನಿನಗೆ ಸತ್ಯ ಬೇಕಿತ್ತಲ್ಲ, ಇನ್ಮೇಲೆ ಅದನ್ನೇ ಮಗಳು ಅಂತ ಕರಿ ಎಂದು ಹೇಳಿ ಹೋದೆ. ಕರೆದೆ ಗುಬ್ಬೀ. ಇಷ್ಟು ವರ್ಷ ಅದನ್ನೇ ಮಗಳೆಂದು ಸಾಕಿದೆ.

ನಿನ್ನ ಗಂಡ ಈಗ ಗೋದಾಮಿನಲ್ಲಿ ಮೂಟೆ ಹೊರುತ್ತಾನೆಂದೂ, ಎಷ್ಟೇ ದೂರವಾದರೂ ಬಸ್ಸು ಹತ್ತದೆ ನಡೆದೇ ಹೋಗುತ್ತಾನೆಂದೂ, ನಿಮ್ಮ ಬೀದಿಗೆ ಬಂದುಹೋಗುವ ನರ್ಸಮ್ಮ ಹೇಳಿದಳು. ಶಾಲೆಯಲ್ಲಿ ಮೊಮ್ಮಗಳನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದೂ ಹೇಳಿದಳು. ಅದನ್ನು ಇಲ್ಲಿ ಬರೆಯಲಾರೆ.

ವಕೀಲರನ್ನು ಕಂಡೆ. ಕೌದಿ ತೋರಿಸಿದೆ. ಬಟ್ಟೆಯ ತುಂಡು ಸಾಕ್ಷಿ ಹೇಳುವುದಿಲ್ಲ ಎಂದು ಬದಿಗಿಟ್ಟರು. ದರ್ಜಿ ಸಹಿ ಹಾಕಲು ಒಪ್ಪಿದ್ದಾನೆ ಎಂದಾಗ ಮಾತ್ರ ಪೆನ್ನು ತೆಗೆದರು. ಗೆಲ್ಲುವ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. “ಆಗ ಅಳಿಯ ಅಂತ ನೋಡದೆ ಹೇಳಿದ್ರಿ, ಅದಕ್ಕೇ ನಂಬಿದ್ರು. ಈಗ ಅಳಿಯನಿಗೋಸ್ಕರ ಹೇಳ್ತಿದೀರಿ ಅಂತಾರೆ.” ಅವರ ಮಾತು ಸರಿ. ಆದರೂ ಮೊಕದ್ದಮೆಯನ್ನು ಮತ್ತೆ ತೆರೆಯಲು ಅರ್ಜಿ ಬರೆದಿದ್ದಾರೆ. ಅದಕ್ಕೆ ನಿನ್ನ ಗಂಡನ ಸಹಿ ಬೇಕು, ನನ್ನದು ಸಾಲದು. ಅರ್ಜಿ ಈ ಲಕೋಟೆಯಲ್ಲೇ ಇದೆ. ಇಪ್ಪತ್ತೆಂಟರೊಳಗೆ ವಕೀಲರಿಗೆ ತಲುಪಿಸಿ. ನನಗೆ ಉತ್ತರ ಬರೆಯಬೇಕಾಗಿಲ್ಲ, ಮುಖ ನೋಡಬೇಕಾಗಿಲ್ಲ.

ನಾನು ತಪ್ಪು ಹೇಳಿದೆ, ಸುಳ್ಳು ಹೇಳಲಿಲ್ಲ. ಇಷ್ಟನ್ನು ಮಾತ್ರ ನಂಬು.

ನೀನು ಕರೆಯದಿದ್ದರೂ
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ. ಮೇಲಿನ ಕೊನೆಯ ಸಾಲು ಬರೆದು, ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಲು ಹೋದಾಗ ಕೈ ಬರಲಿಲ್ಲ. ಸಾಕ್ಷಿ ಹೇಳುವ ಹಿಂದಿನ ಸಂಜೆ ನಿನ್ನ ಗಂಡ ನನ್ನ ಮನೆಗೆ ಬಂದು, ಕಾಲು ಹಿಡಿದು, ಸುಳ್ಳು ಹೇಳಿ ಎಂದು ಬೇಡಿಕೊಂಡ ಎಂದು ನಿನಗೂ ಹೇಳಿದೆ, ನ್ಯಾಯಾಲಯಕ್ಕೂ ಹೇಳಿದೆ. ತೀರ್ಪಿನಲ್ಲಿ ಆ ಮಾತು ಎರಡು ಕಡೆ ಇದೆ. ಅವನು ಇಲ್ಲ ಎಂದಾಗ ನೀನು ಯಾರನ್ನು ನಂಬಿದೆಯೋ ನನಗೆ ಗೊತ್ತಿಲ್ಲ. ಅವನು ಕಾಲು ಹಿಡಿಯಲಿಲ್ಲ. ಹೊಸ್ತಿಲು ಸಹ ದಾಟಲಿಲ್ಲ. ಹೊರಗೇ ನಿಂತು ಅವನು ಕೇಳಿದ್ದು ಇಷ್ಟು: “ಅತ್ತೆ, ನಾಳೆ ಹೋಗೋಕೆ ಮುಂಚೆ ಒಂದೇ ಒಂದು ಸಲ ಆ ಅಂಗಡಿ ಒಳಗೆ ನಿಂತು ನೋಡ್ತೀರಾ? ಆಮೇಲೆ ನಿಮಗೆ ಹೇಗೆ ಕಾಣುತ್ತೋ ಹಾಗೇ ಹೇಳಿ.”