ಮಿಸ್ ಕೈ ಕಟ್ಟಿದರೆ

ಏಪ್ರಿಲ್ 12, ಭಾನುವಾರ

ಪುಟ್ಟಿ,

ನಿನ್ನ ಕಾಗದ ಬಂದು ಎಷ್ಟೋ ದಿನ ಆಯ್ತು. ಉತ್ತರ ಬರೀಲಿಲ್ಲ ಅಂತ ಬೈದುಕೋ, ಬೈಸಿಕೊಳ್ಳೋ ಅಭ್ಯಾಸ ನನಗೀಗ ಚೆನ್ನಾಗಿ ಆಗಿದೆ. ಇಲ್ಲಿ ಎಲ್ಲ ಕ್ಷೇಮ ಅಂತ ಶುರು ಮಾಡಬೇಕು. ಮಾಡಿದೆ ಅಂತ ತಿಳ್ಕೋ. ನಲ್ಲಿಯಲ್ಲಿ ನೀರು ಬರ್ತಿದೆ, ನನ್ನ ಮಂಡಿನೋವು ಇದ್ದಲ್ಲೇ ಇದೆ. ನಿಮ್ಮ ಭಾವನ ವಿಷಯ ಆಮೇಲೆ ಬರೀತೀನಿ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಇದು ಫೋನಲ್ಲಿ ಹೇಳೋ ಮಾತಲ್ಲ ಕಣೆ, ನಮ್ಮನೆ ಗೋಡೆ ತೆಳ್ಳಗೆ.

ಮಗಳನ್ನ ಕಂಪ್ಯೂಟರ್ ಕ್ಲಾಸಿಗೆ ಸೇರಿಸಲಾ, ಅಲ್ಲಿ ವಿಡಿಯೊ ಗೇಮ್ ಮಾಡಿಸ್ತಾ ಪ್ರೋಗ್ರಾಮಿಂಗ್ ಕಲಿಸ್ತಾರಂತೆ, ಅದೆಲ್ಲ ಒಂದು ಓದಾ ಅಂತ ಕೇಳಿದ್ದೀಯ. ಒಳ್ಳೇ ಹೊತ್ತಿಗೆ ಕೇಳಿದೆ ನೋಡು. ಅದೇ ಗೇಮಿನಿಂದ ನಿಮ್ಮಕ್ಕ ಈಗ ಶಾಲೆಯ ಆಫೀಸಲ್ಲಿ ಜೆರಾಕ್ಸ್ ಮೆಷಿನ್ ಪಕ್ಕ ಕೂತು ಮಕ್ಕಳ ಹಾಜರಾತಿ ಟೈಪ್ ಮಾಡ್ತಿದ್ದಾಳೆ. ಮೆಷಿನ್ನಿನ ಶಾಖಕ್ಕೆ ಒಂದು ಕಡೆಯ ಕೆನ್ನೆ ಮಾತ್ರ ಬೆಚ್ಚಗಿರುತ್ತೆ.

ನಾನು ಹೇಗೆ ಕಲಿಸ್ತಿದ್ದೆ ಅಂತ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಎಂಟನೇ ಕ್ಲಾಸಿನವರಿಗೆ ಮೊದಲ ದಿನ ಕಂಪ್ಯೂಟರ್ ಮುಟ್ಟೋಕೇ ಬಿಡ್ತಿರಲಿಲ್ಲ. ಒಬ್ಬರ ಕಣ್ಣಿಗೆ ಕರ್ಚೀಫ್ ಕಟ್ಟಿ, ಕೈಗೆ ಕಸದ ಬುಟ್ಟಿ ಕೊಟ್ಟು ನಿಲ್ಲಿಸ್ತಿದ್ದೆ. ಒಬ್ಬರು ಬೆಂಚ್ ಮೇಲೆ ನಿಂತು ಕಾಗದದ ಉಂಡೆ ಬೀಳಿಸಬೇಕು, ಮಿಕ್ಕವರು ಬಲಕ್ಕೆ ಹೋಗು, ಎಡಕ್ಕೆ ಹೋಗು ಅಂತ ಹೇಳಿ ಬುಟ್ಟಿಯಲ್ಲಿ ಹಿಡಿಸಬೇಕು. ಬುಟ್ಟಿ ಹಿಡಿದವರೇ ಕಂಪ್ಯೂಟರ್. ಹೇಳಿದ್ದು ಮಾಡಬೇಕು, ಹೇಳದ್ದು ಮಾಡಕೂಡದು. ಒಂದು ವರ್ಷ ಒಬ್ಬಳಿಗೆ ಬಲಕ್ಕೆ ಹೋಗು ಅಂದವರು ನಿಲ್ಲು ಅನ್ನೋದು ಮರೆತರು. ಅವಳು ಬಾಗಿಲು ದಾಟಿ, ವರಾಂಡ ದಾಟಿ, ಬುಟ್ಟಿ ಸಮೇತ ಹೆಡ್‌ಮಿಸ್ ರೂಮಿಗೇ ನುಗ್ಗಿಬಿಟ್ಟಳು. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು. ಆಮೇಲೆ ಅದೇ ಆಟವನ್ನ ಕಂಪ್ಯೂಟರಿನಲ್ಲಿ ಮಾಡಿಸ್ತಿದ್ದೆ. ಮೇಲಿಂದ ಹಣ್ಣು ಬೀಳುತ್ತೆ, ಕೆಳಗೆ ಬುಟ್ಟಿ ಓಡಾಡುತ್ತೆ, ಸಿಕ್ಕಿದರೆ ಒಂದು ಅಂಕ.

ಇನ್ನೊಂದು ಪದ್ಧತಿ ಇತ್ತು. ಬೋರ್ಡ್ ಮೇಲೆ ಬರೆಯುವಾಗ ಬೇಕಂತಲೇ ಒಂದು ತಪ್ಪು ಬಿಡ್ತಿದ್ದೆ. ಬಿಟ್ಟು, ಪೆನ್ ಟೇಬಲ್ ಮೇಲಿಟ್ಟು, ಕೈ ಕಟ್ಟಿ ನಿಂತುಬಿಡ್ತಿದ್ದೆ. ತುಟಿ ಪಿಟಕ್ ಅಂತಿರಲಿಲ್ಲ. ಮಿಸ್ ಕೈ ಕಟ್ಟಿದರೆ ಏನೋ ತಪ್ಪಿದೆ ಅಂತ ಮಕ್ಕಳಿಗೆ ಒಂದೇ ವಾರದಲ್ಲಿ ಗೊತ್ತಾಗಿಬಿಡ್ತಿತ್ತು. ಬುಟ್ಟಿಯ ಪಾಠದಲ್ಲಿ ಪರದೆಯ ಅಂಚಿನ ಗೋಡೆ ಎಲ್ಲಿದೆ ಅಂತ ನಾನು ಬರೀತಿರಲಿಲ್ಲ. ಮಕ್ಕಳು ಆಡಿ ನೋಡಿದರೆ ಬುಟ್ಟಿ ಬಲಕ್ಕೆ ಹೋಗಿ, ಪರದೆ ದಾಟಿ ಮಾಯ. ಎಷ್ಟು ಹೊತ್ತಾದರೂ ಸರಿ, ನಾನು ಹೇಳ್ತಿರಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಯಾರಾದರೂ, ಮಿಸ್, ಅಂಚು ಬಂತು ಅಂತ ಅದಕ್ಕೆ ನಾವು ಹೇಳೇ ಇಲ್ಲ ಅಂತಿದ್ದರು. ಆ ಒಂದು ಸಾಲು ಅವರೇ ಎದ್ದು ಬಂದು ಬರೆಯಬೇಕು. ನನ್ನ ಪಾಠ ಇದ್ದದ್ದೇ ಆ ಸುಮ್ಮನಿರೋದರಲ್ಲಿ ಕಣೆ. ಮಿಕ್ಕಿದ್ದೆಲ್ಲ ಪುಸ್ತಕದಲ್ಲೂ ಸಿಗುತ್ತೆ.

ಹೋದ ವರ್ಷ ರಜೆಯಲ್ಲಿ ನಮ್ಮ ಶಾಲೆಯ ಕಾರ್ಯದರ್ಶಿಗಳಿಗೆ ಜ್ಞಾನೋದಯ ಆಯ್ತು. ನಿಮ್ಮ ಪಾಠವೆಲ್ಲ ವಿಡಿಯೊ ಮಾಡಿಸಿಬಿಡೋಣ ಮೇಡಂ, ನೀವು ರಜೆ ಹಾಕಿದ ದಿನ ಮಕ್ಕಳಿಗೆ ತೊಂದರೆ ಆಗಬಾರದು ಅಂದರು. ನಾನೂ ಉಬ್ಬಿಹೋದೆ. ಖಾಲಿ ಲ್ಯಾಬಿನಲ್ಲಿ ಖಾಲಿ ಬೆಂಚುಗಳಿಗೆ ಪಾಠ ಮಾಡಿದೆ. ತಪ್ಪು ಬರೆದೆ, ಪೆನ್ ಇಟ್ಟೆ, ಕೈ ಕಟ್ಟಿ ನಿಂತೆ. ಮಕ್ಕಳು ಯೋಚನೆ ಮಾಡೋಕೆ ಬೇಕಾದಷ್ಟು ಹೊತ್ತು ನಿಂತೆ. ನಾನು ಕೈ ಕಟ್ಟಿದ ಕಡೆ ವಿಡಿಯೊ ನಿಲ್ಲಿಸಿ, ಮಕ್ಕಳು ಉತ್ತರ ಹೇಳೋವರೆಗೂ ಮುಂದಕ್ಕೆ ಬಿಡಬೇಡಿ ಅಂತ ಲ್ಯಾಬ್ ನೋಡಿಕೊಳ್ಳೋ ಸಾರ್‌ಗೆ ಒತ್ತಿ ಒತ್ತಿ ಹೇಳಿದ್ದೆ. ಪಾಪ, ಅವರು ಹೂಂ ಅಂದಿದ್ದರು.

ಶಾಲೆ ಶುರುವಾದ ದಿನ ಟೈಮ್‌ಟೇಬಲ್ ನೋಡಿದರೆ ಎಂಟನೇ ಕ್ಲಾಸಿನ ಎದುರು ನನ್ನ ಹೆಸರೇ ಇಲ್ಲ. ವಿಡಿಯೊ ಇದೆಯಲ್ಲ ಮೇಡಂ, ನೀವು ಚಿಕ್ಕ ಮಕ್ಕಳಿಗೆ ಟೈಪಿಂಗ್ ಹೇಳಿಕೊಡಿ ಅಂದರು. ರಜೆ ಹಾಕಿದ ದಿನಕ್ಕೆ ಅಂತ ಮಾಡಿದ್ದು ವರ್ಷಪೂರ್ತಿಗೆ ಆಯ್ತು. ನನ್ನ ಕೈಯಲ್ಲೇ ನನ್ನ ಕುತ್ತಿಗೆಗೆ ಹಗ್ಗ ಹೊಸೆಸಿಕೊಂಡರು. ಸರಿ, ಮಕ್ಕಳು ಕಲಿತರೆ ಸಾಕು ಅಂತ ನುಂಗಿಕೊಂಡೆ. ಒಂದು ದಿನ ಎಂಟನೇ ಕ್ಲಾಸಿನ, ನಾನು ಗುಬ್ಬಿ ಅಂತ ಕರೆಯೋ ಪುಟ್ಟ ಹುಡುಗಿ ವರಾಂಡದಲ್ಲಿ ಸಿಕ್ಕಿ, ಮಿಸ್, ಬುಟ್ಟಿ ಹೊರಗೆ ಹೋಗ್ತಿದೆ ಅಂತ ಗೋಡೆಯ ಸಾಲು ಬರೆದೆ, ವಿಡಿಯೊದಲ್ಲಿ ಅದಿಲ್ಲ, ಅಳಿಸು ಅಂದರು ಸಾರ್ ಅಂದಳು. ಕೇಳೋಕೆ ಹೋದೆ. ಮೇಡಂ, ನೀವು ಕೈ ಕಟ್ಟೋದನ್ನ ನಾನು ಕಾಯ್ತಾನೇ ಇದ್ದೀನಿ, ನೀವು ಕಟ್ಟೋದೇ ಇಲ್ಲವಲ್ಲ ಅಂದರು ಆ ಸಾರ್. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಹೆಡ್‌ಮಿಸ್‌ಗೆ ಹೇಳಿದರೆ, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಅಂತ ನನ್ನನ್ನ ವಾಪಸ್ ಕಳಿಸಿದರು.

ಮಾರ್ಚ್‌ನಲ್ಲಿ ಹೊರಗಿನ ಪರೀಕ್ಷಕರು ಬಂದರು. ಒಂದೊಂದೇ ಮಗುವಿನ ಗೇಮ್ ತೆಗೆದು ಆಡಿ ನೋಡಿದರಂತೆ. ಎಲ್ಲ ಕಂಪ್ಯೂಟರಿನಲ್ಲೂ ಬುಟ್ಟಿ ಬಲಕ್ಕೆ ಹೋಯ್ತು, ಹೋದದ್ದು ಬರಲೇ ಇಲ್ಲ. ಹಣ್ಣುಗಳು ಸುಮ್ಮನೆ ಬೀಳ್ತಾನೇ ಇದ್ದವು. ಇಡೀ ಕ್ಲಾಸಿಗೆ ಒಂದೇ ತಪ್ಪು ಬಂದರೆ ಅದು ಮಕ್ಕಳ ತಪ್ಪಲ್ಲ, ಕಲಿಸಿದವರದ್ದು ಅಂತ ಬರೆದು ಸಹಿ ಹಾಕಿ ಹೋದರು. ಗುಬ್ಬಿಗೂ ಅಷ್ಟೇ ಕಡಿಮೆ ಅಂಕ. ಕಂಡುಹಿಡಿದಿದ್ದ ಮಗು ಅದು, ಹೊಟ್ಟೆ ಉರಿಯುತ್ತೆ.

ಅವತ್ತೇ ಲ್ಯಾಬಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಮೊದಲ ಸಲ ನನ್ನ ವಿಡಿಯೊ ನೋಡಿದೆ. ಯಾರೋ ಬೆನ್ನಟ್ಟಿಕೊಂಡು ಬಂದ ಹಾಗೆ ಉಸಿರು ಬಿಡದೆ ಮಾತಾಡೋ ಹೆಂಗಸು. ತಪ್ಪು ಸಾಲು ಬರೀತೀನಿ, ಕೈ ಪೆನ್ ಇಡೋಕೆ ಟೇಬಲ್ ಕಡೆ ಹೋಗುತ್ತೆ, ಅಷ್ಟರಲ್ಲಿ ಪಟಕ್ಕನೆ ಬೇರೆ ಕಡೆ ನಿಂತು 'ಸರಿ, ಈಗ ಮುಂದಕ್ಕೆ ಹೋಗೋಣ' ಅಂತಿದ್ದೀನಿ. ನಾನು ಕಾದು ನಿಂತ ಜಾಗ ಒಂದೂ ಇಲ್ಲ, ಎಲ್ಲ ಕತ್ತರಿಸಿ ಹಾಕಿದ್ದಾರೆ. ಪ್ರಶ್ನೆ ಹೋಗಿ ತಪ್ಪು ಮಾತ್ರ ಉಳಿದಿದೆ. ಕತ್ತರಿಸದ ವಿಡಿಯೊ ಇದೆಯಾ ಅಂದರೆ, ಕಂಪ್ಯೂಟರಿನಲ್ಲಿ ಜಾಗ ಸಾಲದೆ ಯಾವಾಗಲೋ ಅಳಿಸಿ ಆಯ್ತಂತೆ. ಇನ್ನು ನನ್ನ ಮಾನ ಉಳಿಯಬೇಕಾದರೆ ಕತ್ತರಿಸಿದವರೇ ಬಾಯಿಬಿಟ್ಟು ಹೇಳಬೇಕಿತ್ತು.

ಪೋಷಕರು ಗಲಾಟೆ ಮಾಡಿದ್ದಕ್ಕೆ ನಾಲ್ಕನೇ ತಾರೀಖು ಶನಿವಾರ ಮೀಟಿಂಗ್ ಕರೆದರು. ನನ್ನನ್ನ ಕರೆದರು, ವಿಡಿಯೊದವರನ್ನೂ ಕರೆದರು. ತಪ್ಪು ನನ್ನದಲ್ಲ ಅಂತ ಗೊತ್ತಾದರೆ ಜೂನ್‌ನಿಂದ ನನ್ನ ಕ್ಲಾಸು ನನಗೇ ವಾಪಸ್ ಅಂತ ಹೆಡ್‌ಮಿಸ್ ಮೊದಲೇ ಹೇಳಿದ್ದರು. ಒಬ್ಬರು ತಾಯಿ, ಮೇಡಂ, ನಿಮ್ಮನ್ನ ನಂಬಿ ಕಳಿಸಿದ್ವಿ ಅಂದರು. ಅವರನ್ನ ದೂರೋಕಾಗಲ್ಲ. ಕಾರ್ಯದರ್ಶಿಗಳು ನಮ್ಮಿಬ್ಬರ ಕಡೆಗೂ ನೋಡಿ, "ವಿಡಿಯೊದಲ್ಲಿ ಏನಾದರೂ ತೆಗೆದಿದ್ದೀರಾ?" ಅಂತ ಕೇಳಿದರು. ನಾನು ಕೈ ಕಟ್ಟಿ ನಿಂತೆ.

ವಿಡಿಯೊದವರು ಎದ್ದು, "ಇಲ್ಲ ಸಾರ್, ಮೇಡಂ ಆಡಿದ್ದು ಒಂದು ಮಾತೂ ಬಿಟ್ಟಿಲ್ಲ" ಅಂದು ಕೂತರು.

ನಿಜವೇ ತಾನೇ? ಒಂದು ಮಾತೂ ಬಿಟ್ಟಿರಲಿಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಮೇಡಂ ಒಪ್ಪಿಕೊಂಡ ಹಾಗಾಯ್ತು ಅಂತ ಕಾರ್ಯದರ್ಶಿಗಳು ಬರೆದುಕೊಂಡರು. ಕ್ಲಾಸು ಬೇರೆಯವರಿಗೆ ಹೋಯ್ತು, ಟೈಪಿಂಗೂ ಹೋಯ್ತು, ನಾನು ಜೆರಾಕ್ಸ್ ಮೆಷಿನ್ ಪಕ್ಕಕ್ಕೆ ಬಂದೆ. ಅಷ್ಟು ಮಾತಾಡೋ ನೀನು ಅಲ್ಲಿ ಯಾಕೆ ಬಾಯಿ ಬಿಡಲಿಲ್ಲ ಅಂತ ನೀನು ಕೇಳೇ ಕೇಳ್ತೀಯ. ಆಗಲಿಲ್ಲ ಕಣೆ.

ಮಗಳನ್ನ ಸೇರಿಸು, ಖಂಡಿತ ಸೇರಿಸು. ಸೇರಿಸೋ ಮುಂಚೆ ಬಾಗಿಲ ಹತ್ತಿರ ನಿಂತು, ಆ ಟೀಚರಿಗೆ ಸುಮ್ಮನಿರೋಕೆ ಬರುತ್ತಾ ಅಂತ ಮಾತ್ರ ನೋಡಿಕೊಂಡು ಬಾ. ನಿನ್ನ ಮಗಳು ತಪ್ಪನ್ನ ತಪ್ಪು ಅನ್ನೋ ಹಾಗೆ ಬೆಳೀಲಿ, ಅನ್ನುವಾಗ ಕೇಳೋ ಕಿವಿ ಒಂದಾದರೂ ಅವಳ ಹತ್ತಿರ ಇರಲಿ. ನಿನಗೂ ನಿನ್ನ ಮನೆಯವರಿಗೂ ದೇವರು ಆರೋಗ್ಯ ಕೊಡಲಿ. ತಲೆನೋವು ಅಂತ ಬರೆದಿದ್ದೀಯ, ಕನ್ನಡಕ ಬದಲಾಯಿಸು, ಸೋಮಾರಿತನ ಮಾಡಬೇಡ.

ನಿನ್ನ ಅಕ್ಕ

ಮರೆತ ಮಾತು: ನಿಮ್ಮ ಭಾವನ ವಿಷಯ ಆಮೇಲೆ ಅಂದವಳು ಬರೆಯದೆ ಮುಗಿಸಿಬಿಟ್ಟೆ. ಆ ವಿಡಿಯೊದವರು ಅವರೇ ಪುಟ್ಟಿ. ಮದುವೆ ವಿಡಿಯೊ ಮಾಡೋ ನಮ್ಮ ಸ್ಟುಡಿಯೊಗೇ ಶಾಲೆಯವರು ಕೆಲಸ ಕೊಟ್ಟಿದ್ದರು. ನನಗೂ ಮೊದಲು ಸಂತೋಷವೇ ಆಗಿತ್ತು. ವಿಡಿಯೊ ನೋಡಿದ ದಿನ ಮನೆಗೆ ಬಂದು ಕೇಳಿದರೆ, "ನೀನು ಏನೂ ಮಾಡದೆ ನಿಂತಿದ್ದ ಕಡೆಯೆಲ್ಲ ತೆಗೆದೆ. ಖಾಲಿ ಜಾಗ ಯಾರು ನೋಡ್ತಾರೆ?" ಅಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೀವಿ. ಎಷ್ಟು ಸಲ ಊಟಕ್ಕೆ ಬಡಿಸಿ ಎದುರಿಗೆ ಹಾಗೇ ಕೂತಿದ್ದೀನಿ, ಅವರಾಗಿ ಏನಾದರೂ ಕೇಳಲಿ ಅಂತ. ಅದೂ ಖಾಲಿ ಜಾಗ ಅಂದುಕೊಂಡಿದ್ದರು ಅಂತ ಅವತ್ತು ತಿಳೀತು. ಮೀಟಿಂಗಿನಲ್ಲಿ ನಾನು ಕಾಯ್ತಿದ್ದದ್ದು ಅವರಿಗೆ. ಅವರು ಎಲ್ಲರೆದುರಿಗೆ ನನ್ನನ್ನ ಮೇಡಂ ಅಂದರು. ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತವಳು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮನೆ ಮುಂದೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದು, "ಸದ್ಯ, ನಿನಗೆ ಕೋಪ ಬಂದಿಲ್ಲವಲ್ಲ, ಅಷ್ಟು ಸಾಕು" ಅಂದರು.