ಆಕಾಶ ಬಿಟ್ಟುಕೊಟ್ಟ ಪಾಲಾಕ್ಷಪ್ಪನವರಿಗೆ

ಮೊಳಕಾಲ್ಮೂರು
ಕನ್ನಡಿವರ್ಷ ನೂರ ಎಂಬತ್ತೊಂದು, ಹದಿನಾಲ್ಕನೆಯ ತಿಂಗಳು, ಎರಡನೆಯ ಹಗಲು

ನನ್ನ ಮುತ್ತಜ್ಜಿಯ ಮುತ್ತಜ್ಜ ಪಾಲಾಕ್ಷಪ್ಪನವರಿಗೆ, ನಿಮ್ಮ ಬಳ್ಳಿಯ ಕುಡಿ ದಾನಕ್ಕ ಬರೆಯುವುದು.

ನಾವು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸಿಲ್ಲ, ಆದ್ದರಿಂದ ಕೇಳುವುದಿಲ್ಲ.

ಮೇಲಿನ ತಾರೀಖು ನೋಡಿ ತಲೆ ಕೆರೆದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿನಾರು ತಿಂಗಳು. ಮೇಲಿರುವ ಕನ್ನಡಿಗಳನ್ನು ಒರೆಸುವ ಸರದಿ ವರ್ಷಕ್ಕೆ ಹದಿನಾರು ಸಲ ಬರುತ್ತದೆ, ಒಂದು ಸರದಿಗೆ ಒಂದು ತಿಂಗಳು. ಎರಡನೆಯ ಹಗಲು ಎಂದರೆ ನೀವು ರಾತ್ರಿ ಅನ್ನುತ್ತೀರಲ್ಲ, ಅದು. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಒಂದು ಮನೆಯವರು ತಮ್ಮ ಹಿರಿಯರಲ್ಲಿ ಒಬ್ಬರಿಗೆ ಒಂದೇ ಸಲ ಬರೆಯಬಹುದಾದ ಅಂಚೆ ಅದು. ತಲುಪುತ್ತದೆಯೋ ಇಲ್ಲವೋ ದೇವರೇ ಬಲ್ಲ, ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇಡೀ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ.

ನಿಮ್ಮನ್ನು ನಾನು ಚೆನ್ನಾಗಿ ಬಲ್ಲೆ. ನೀವು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟರು. ನಿಮ್ಮ ಮಗಳು ಸುಚೇತಳಿಗೆ ಈಗ ಹದಿನಾಲ್ಕು ವರ್ಷ. ಊಟವಾದ ಮೇಲೆ ಅಪ್ಪ ಮಗಳು ತಾರಸಿಯಲ್ಲಿ ಚಾಪೆ ಹಾಸಿಕೊಂಡು ಆಕಾಶ ನೋಡುತ್ತೀರಿ, ನೋಡಿದ್ದನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೀರಿ. ಆ ಪುಸ್ತಕ ಆರು ತಲೆಮಾರು ದಾಟಿ ನನ್ನ ಮಡಿಲಿಗೆ ಬಂದಿದೆ. "ಕೃತ್ತಿಕೆಯಲ್ಲಿ ನನಗೆ ಆರು ಕಂಡವು, ಸುಚೇತಳಿಗೆ ಒಂಬತ್ತು. ನನಗೆ ವಯಸ್ಸಾಯಿತು" ಎಂದು ಒಂದು ಕಡೆ ಇದೆ. ಎಷ್ಟು ಮುದ್ದಾದ ಅಕ್ಷರ! ಅದೇ ಅಕ್ಷರದಲ್ಲಿ, ಇಪ್ಪತ್ತೆರಡು ವರ್ಷ ಕಳೆದ ಮೇಲೆ, ನಿವೃತ್ತರಾಗಿ ಊರಿನ ಸಭೆಗೆ ಸದಸ್ಯರಾದ ನೀವು ಕೊನೆಯ ಪುಟದಲ್ಲಿ ಹೀಗೆ ಬರೆಯುತ್ತೀರಿ: "ಇರುಳುಗನ್ನಡಿ ಬೇಕೇ ಬೇಡವೇ ಎಂದು ಕೇಳಿದರು. ಬೇಕೆಂದು ಕೈ ಎತ್ತಿದೆ. ಹೇಗಿದ್ದರೂ ಈಗ ಮೇಲೆ ಯಾರು ನೋಡುತ್ತಾರೆ?"

ನೋಡದವನು ಕೈ ಎತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀವು ನೋಡಿದ್ದಿರಿ. ಎಣಿಸಿದ್ದಿರಿ. ಏನನ್ನು ಕೊಡುತ್ತಿದ್ದೇನೆ ಎಂದು ತಿಳಿದೇ ಕೊಟ್ಟಿರಿ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಇರುಳುಗನ್ನಡಿ ಎಂದರೆ ಆಕಾಶದಲ್ಲಿ ಬಿಚ್ಚಿ ನಿಲ್ಲಿಸಿದ ತೆಳು ತಗಡು. ಮುಳುಗಿದ ಸೂರ್ಯನ ಬೆಳಕನ್ನು ಊರಿನ ಮೇಲೆ ಚೆಲ್ಲುವುದು ಅದರ ಕೆಲಸ. ಮೊದಮೊದಲು ಜನ ಕುಣಿದರಂತೆ. ದೀಪ ಬೇಡ, ಕಳ್ಳರ ಭಯವಿಲ್ಲ, ಎರಡು ಪಾಳಿ ದುಡಿಮೆ. ಈಗ ಬಂದು ನೋಡಿ. ರೇಷ್ಮೆ ಸೀರೆಗೆ ಹೆಸರಾದ ನಮ್ಮೂರಿನಲ್ಲಿ ಇಂದು ನೇಯುವುದು ಕತ್ತಲೆಬಟ್ಟೆ. ಮೂರೆಳೆಯ ಕಪ್ಪು ನೂಲಿನ ದಪ್ಪ ಪರದೆ ಅದು. ಕೂಸು ಮಲಗಬೇಕಾದರೆ ತೊಟ್ಟಿಲಿಗೆ ಅದನ್ನು ಸುತ್ತಬೇಕು, ಬಾಣಂತಿಗೆ ತವರಿನವರು ಕೊಡುವ ಮೊದಲ ಉಡುಗೊರೆಯೇ ಅದು. ನಾನೂ ಕುಣಿಮಗ್ಗದಲ್ಲಿ ಕೂತು ದಿನಕ್ಕೆ ನಾಲ್ಕು ಗಜ ನೇಯುತ್ತೇನೆ. ಕೋಳಿಗಳು ಯಾವಾಗ ಕೂಗಬೇಕೆಂದು ತಿಳಿಯದೆ ಕೂಗುವುದನ್ನೇ ಬಿಟ್ಟಿವೆ. ಗೂಬೆ ಹೇಗಿತ್ತೆಂದು ಕೇಳಿದರೆ ಮಕ್ಕಳು ಪುಸ್ತಕ ತೆಗೆಯುತ್ತಾರೆ. ಇರುಳಿನ ಆಕಾಶ ಬೂದಿ ಬಣ್ಣದ್ದು, ಅದರಲ್ಲಿ ಸಪ್ಪೆ ಚಂದ್ರ ಬಿಟ್ಟರೆ ಏನೂ ಇಲ್ಲ.

ಹಾಗಾದರೆ ನೀವು ಆಕಾಶದಲ್ಲಿ ನೋಡುವುದಾದರೂ ಏನು ಎಂದು ಕೇಳುತ್ತೀರಿ. ಸೂರ್ಯನನ್ನು. ನಮಗೆ ಉಳಿದಿರುವ ನಕ್ಷತ್ರ ಅದೊಂದೇ. ನೋಡುಗೊಳವೆಯನ್ನು, ಅಂದರೆ ನಿಮ್ಮ ಟೆಲಿಸ್ಕೋಪನ್ನು, ಸೂರ್ಯನ ಕಡೆ ತಿರುಗಿಸಿ ಅದರ ಹಿಂದೆ ಬಿಳಿ ಹಾಳೆ ಹಿಡಿಯುತ್ತೇವೆ. ಗೊಳವೆಗೆ ಕಣ್ಣಿಟ್ಟವನು ಕುರುಡನಾಗುತ್ತಾನೆ, ಹಾಳೆಯ ಮೇಲೆ ಬಿದ್ದ ಬಿಂಬವನ್ನಷ್ಟೇ ನೋಡಬೇಕು. ಇದು ಬರೀ ಹವ್ಯಾಸವಲ್ಲ. ನಮ್ಮ ಪಾಲಿನ ಕನ್ನಡಿ ತಿಂಗಳಿಗೊಮ್ಮೆ ಸೂರ್ಯನಿಗೆ ಅಡ್ಡ ಹಾಯುತ್ತದೆ, ಆಗ ಬಿಂಬದ ಮೇಲೆ ಅದರ ನೆರಳು ಕಾಣುತ್ತದೆ, ಮೂರು ಉಸಿರಿನಷ್ಟು ಹೊತ್ತು. ಆ ನೆರಳಿನಲ್ಲಿ ಹರುಕು ಕಂಡರೆ, ಒಂದೇ ಮನೆಯ ಇಬ್ಬರು ಅದನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದು ಎರಡೂ ಚಿತ್ರ ಒಂದಕ್ಕೊಂದು ಹೊಂದಿದರೆ, ಕನ್ನಡಿಯನ್ನು ಇಳಿಸಲೇಬೇಕು. ಹೊಸದು ಏರುವವರೆಗೆ ಹನ್ನೊಂದು ದಿನ ಊರಿಗೆ ಕತ್ತಲು ಸಿಗುತ್ತದೆ. ಆದರೆ ಒಂದು ಮನೆಗೆ ತಲೆಮಾರಿಗೊಂದೇ ಅರ್ಜಿ. ಚಿತ್ರ ಹೊಂದದಿದ್ದರೆ ಮೊಮ್ಮಕ್ಕಳು ದೊಡ್ಡವರಾಗುವ ತನಕ ಬಾಯಿ ಮುಚ್ಚಿಕೊಂಡಿರಬೇಕು.

ಅರ್ಜಿಯ ಕೆಳಗೆ ಒಂದು ಖಾಲಿ ಜಾಗವಿರುತ್ತದೆ. ಆ ಮನೆಯ ಯಾವ ಹಿರಿಯರ ಒಪ್ಪಿಗೆಯಿಂದ ಕನ್ನಡಿ ಬಂತೋ ಅವರ ಹೆಸರನ್ನು, ಬೇಕೆನಿಸಿದರೆ, ಆ ಹನ್ನೊಂದು ದಿನಗಳೊಳಗೆ ಅಲ್ಲಿ ಬರೆಯಬಹುದು. ಬರೆದ ಹೆಸರನ್ನು ಊರಿನ ನಡುವೆ ಓದಿ ಮನೆಯ ಹಿರಿಯರ ಸಾಲಿನಿಂದ ಕಿತ್ತುಹಾಕುತ್ತಾರೆ. ಮಹಾಲಯದಂದು ಅವರಿಗೆ ಎಡೆ ಇಲ್ಲ. ಮದುವೆ ಮುಂಜಿಯಲ್ಲಿ ಅವರ ಹೆಸರು ಹೇಳುವಂತಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಗೆ ನಾವು ಕಾನೂನು ಮಾಡಿಕೊಂಡಿದ್ದೇವೆ. ನನ್ನ ಹದಿನೆಂಟನೆಯ ವಯಸ್ಸಿನಿಂದ ಆ ಜಾಗದಲ್ಲಿ ನಿಮ್ಮ ಹೆಸರು ಬರೆಯಬೇಕೆಂದು ಕಾದಿದ್ದೆ. ಒಂದೇ ತೊಡಕು. ಬರೆಯುವ ಹಕ್ಕು ಇಬ್ಬರು ಸಾಕ್ಷಿಗಳಲ್ಲಿ ಕಿರಿಯರದ್ದು. ತಪ್ಪಿನ ಫಲ ಹೆಚ್ಚು ಕಾಲ ಉಣ್ಣಬೇಕಾದವರು ಅವರೇ ಎಂದು.

ಕಿರಿಯ ಸಾಕ್ಷಿ ನನ್ನ ಮಗಳು ಪದ್ಮಾಂಬೆ. ಮನೆಯಲ್ಲಿ ಪದ್ದಿ. ಹದಿನೈದು ವರ್ಷ. ಅವಳಿಗೆ ಸಿಟ್ಟು ಎಂಬುದೇ ಬರುತ್ತಿರಲಿಲ್ಲ, ಯಾರನ್ನು ಹೋಲುತ್ತಾಳೋ ಕಾಣೆ. ನಿಮ್ಮ ನೋಟ್‌ಬುಕ್ಕಿನ ನಕ್ಷತ್ರಗಳನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿದ್ದಳು, ಒಂದನ್ನೂ ಕಂಡಿರಲಿಲ್ಲ. ನಾನು ನಿಮ್ಮನ್ನು ಬೈಯಲು ಶುರು ಮಾಡಿದರೆ, "ಪಾಪ ಬಿಡಮ್ಮಾ, ಮುದುಕ್ರು ಏನೋ ಮಾಡಿದ್ರು. ಸತ್ತೋರ ಮೇಲೆ ಎಂಥ ಹಟ? ಆ ಜಾಗ ಖಾಲಿ ಬಿಡ್ತೀನಿ ನಾನು" ಅನ್ನುತ್ತಿದ್ದಳು. ನಾನು ಹಡೆದ ಮಗಳೇ ನಿಮ್ಮ ಪರ ವಕೀಲಿ ಮಾಡುತ್ತಿದ್ದಳು, ಪಾಲಾಕ್ಷಪ್ಪನವರೇ.

ಹೋದ ವರ್ಷ ಇಬ್ಬರೂ ನಮ್ಮ ಮೊದಲ ನೋಡುಗೊಳವೆ ತರಲು ಹೋದೆವು. ರಾಯದುರ್ಗದ ರಸ್ತೆಯಲ್ಲಿ ಗಾಜು ಉಜ್ಜುವ ದಾದಾಪೀರ್ ಇದ್ದಾನೆ. ಅವನ ಬಳಿ ಎರಡಿದ್ದವು. ಒಂದು ನನ್ನೆತ್ತರದ್ದು, ಹಿತ್ತಾಳೆ ಬಳೆಗಳು ಥಳಥಳ, ಇನ್ನೂರು ಪಟ್ಟು ದೊಡ್ಡದು ಮಾಡುತ್ತದೆ. ಇನ್ನೊಂದು ಮೊಳದುದ್ದದ ಕುಳ್ಳ, ಬರೀ ಇಪ್ಪತ್ತು ಪಟ್ಟು, ಜಾಲಿಮರದ ದಪ್ಪ ಮೂರು ಕಾಲು. ಪದ್ದಿ ಕುಳ್ಳನನ್ನು ತಬ್ಬಿಕೊಂಡಳು. ದಾದಾಪೀರನೂ, "ಅಕ್ಕಾ, ಮೊದಲ್ನೇ ಸಲಕ್ಕೆ ಅದೇ ಸಾಕು. ಕಾಲು ಗಟ್ಟಿ ಇಲ್ದಿದ್ರೆ ಎಷ್ಟು ಪಟ್ಟು ಇದ್ದು ಏನ್ ಬಂತು?" ಎಂದ. ನಾನು ಕೇಳಲಿಲ್ಲ. ಕನ್ನಡಿಯ ಹರುಕನ್ನು ಹತ್ತಿರದಿಂದ, ವೈರಿಯ ಗಾಯ ನೋಡುವ ಹಾಗೆ ನೋಡಬೇಕೆಂಬ ಆಸೆ ನನಗೆ. ಉದ್ದದ್ದನ್ನೇ ಹೊತ್ತು ತಂದೆ.

ಆಳು ನೋಡಿದರೆ ಅಲಂಕಾರ, ಬಾಳು ನೋಡಿದರೆ ಬಾಯಿ ಬಡ್ಕೋಬೇಕು. ಮುಂದಿನ ಸಲ ಕನ್ನಡಿ ಹಾಯುವಾಗ ಅಂಗಳದಲ್ಲಿ ಅಭ್ಯಾಸಕ್ಕೆ ನಿಂತೆವು. ಸೂರ್ಯನ ಬಿಂಬ ಹಾಳೆಯಲ್ಲಿ ಹಿಡಿಸಲೇ ಇಲ್ಲ, ಒಂದು ಚೂರಷ್ಟೇ ಬಿತ್ತು. ಸಣ್ಣ ಗಾಳಿಗೂ ಗೊಳವೆ ನಡುಗಿತು. ಕನ್ನಡಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತೋ ಗೊತ್ತಾಗಲಿಲ್ಲ. ಅಭ್ಯಾಸವಾದ್ದರಿಂದ ಅರ್ಜಿ ಉಳಿಯಿತು. ನಾನು ಅಲ್ಲೇ ನಿಂತು ನಿಮಗೆ ಹಿಡಿಶಾಪ ಹಾಕಿದೆ. ಪದ್ದಿ ಒಳಗೆ ಹೋಗಿ ನಿಮ್ಮ ನೋಟ್‌ಬುಕ್ ತಂದು ಒಂದು ಪುಟ ತೆರೆದು ಓದಿದಳು.

ಆ ಪುಟ ನೀವಿನ್ನೂ ಬರೆದಿಲ್ಲ. ಬರುವ ವಾರ ಬರೆಯುತ್ತೀರಿ. ಮಗಳನ್ನು ಕರೆದುಕೊಂಡು ದಾವಣಗೆರೆಯ ಅಂಗಡಿಗೆ ಹೋಗುತ್ತೀರಿ. ಸುಚೇತ ಒಂದು ಸಾದಾ ಬೈನಾಕ್ಯುಲರ್ ಹಿಡಿದು, ಇದು ಸಾಕಪ್ಪಾ ಅನ್ನುತ್ತಾಳೆ. ನೀವು ಮೇಷ್ಟರಲ್ಲವೇ, ಅವಳ ಮಾತು ಕೇಳುವುದುಂಟೇ? ಡಬ್ಬಿಯ ಮೇಲೆ ಶನಿಯ ಬಳೆ, ಆರುನೂರ ಎಪ್ಪತ್ತೈದು ಪಟ್ಟು ಎಂಬ ದಪ್ಪಕ್ಷರ. ಅದನ್ನೇ ತರುತ್ತೀರಿ. ಕಡ್ಡಿಯಂಥ ಕಾಲಿನ ಮೇಲೆ ಅದು ತೂಗಾಡುತ್ತದೆ. ಶನಿ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ. ನಿನಗೆ ತಾಳ್ಮೆಯಿಲ್ಲ ಎಂದು ಆ ಹುಡುಗಿಯನ್ನೇ ಬೈಯುತ್ತೀರಿ. ಮೂರು ತಿಂಗಳಲ್ಲಿ ಟೆಲಿಸ್ಕೋಪು ಅಟ್ಟ ಸೇರುತ್ತದೆ, ಚಾಪೆ ಒಳಗೆ ಬರುತ್ತದೆ, ಸುಚೇತ ಮತ್ತೆ ತಾರಸಿ ಹತ್ತುವುದಿಲ್ಲ. ಆಮೇಲಿನ ಪುಟಗಳು ಖಾಲಿ, ಇಪ್ಪತ್ತೆರಡು ವರ್ಷ ಖಾಲಿ. ಮೇಲೆ ಯಾರು ನೋಡುತ್ತಾರೆ ಎಂದು ಕೇಳಿದಿರಲ್ಲ, ನೋಡುವವಳನ್ನು ಕೆಳಗಿಳಿಸಿದವರು ನೀವೇ.

"ಪಾಲಾಕ್ಷಜ್ಜನೂ ಇದನ್ನೇ ಮಾಡಿದ್ದು ನೋಡಮ್ಮಾ" ಎಂದಳು ಪದ್ದಿ. ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಲ್ಲಿ ನಾನು ನೀವೇ ಆಗಿಬಿಟ್ಟಿದ್ದೆ. ಮರುದಿನವೇ ಹೋಗಿ ಉದ್ದದ್ದನ್ನು ಕೊಟ್ಟು ಕುಳ್ಳನನ್ನು ತಂದೆ. ದಾದಾಪೀರ್ ನಗಲಿಲ್ಲ, ಅಷ್ಟು ದೊಡ್ಡ ಮನುಷ್ಯ ಅವನು.

ನೀವಿನ್ನೂ ಆ ಅಂಗಡಿಗೆ ಹೋಗಿಲ್ಲ ಎಂದು ನನಗೆ ಗೊತ್ತು. ಕಾಗದ ತಲುಪಬೇಕಾದ ವಾರವನ್ನು ನಾನೇ ಆರಿಸಿದ್ದು. ಬೈನಾಕ್ಯುಲರ್ ತನ್ನಿ, ಮಗಳ ಕೈಗೆ ಕೊಡಿ, ಪಕ್ಕದಲ್ಲಿ ಸುಮ್ಮನೆ ಮಲಗಿ. ಇದನ್ನು ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಗೊತ್ತಿರಲಿಲ್ಲ ಎಂಬ ನೆಪ ನಿಮಗೆ ಉಳಿಯಬಾರದು, ಅದಕ್ಕೆ ಹೇಳಿದ್ದು.

ಕನ್ನಡಿ ಹಾಯುವ ದಿನ ಬಂತು. ನಡುಮಧ್ಯಾಹ್ನ. ಜಾಲಿಯ ಕಾಲುಗಳನ್ನು ನೆಲದಲ್ಲಿ ಗೇಣುದ್ದ ಹೂತು ಕುಳ್ಳನನ್ನು ನಿಲ್ಲಿಸಿದೆವು. ಹಾಳೆಯ ಮೇಲೆ ಇಡೀ ಸೂರ್ಯ ಅಂಗೈಯಗಲ ಬಿದ್ದ. ಬಿಂಬ ಇಬ್ಬರಿಗೂ ಕಾಣುವಂತೆ ಬಿಟ್ಟು ನಮ್ಮಿಬ್ಬರ ನಡುವೆ ಕತ್ತಲೆಬಟ್ಟೆಯ ತೆರೆ, ಒಬ್ಬರು ಬರೆಯುವ ಚಿತ್ರ ಇನ್ನೊಬ್ಬರಿಗೆ ಕಾಣಬಾರದು. ನಾನು ಆಗಲೇ ನಿಮ್ಮನ್ನು ಬೈಯಲು ಶುರು ಮಾಡಿದ್ದೆ. ತೆರೆಯ ಆಚೆಯಿಂದ ಪದ್ದಿ, "ಅಮ್ಮಾ, ಸಿಟ್ಟು ಆಮೇಲೆ ಮಾಡ್ಕೊಳ್ಳುವಂತೆ. ಈಗ ಪೆನ್ಸಿಲ್ ಹಿಡಿ" ಎಂದಳು. ಕನ್ನಡಿ ಬಂತು. ಎಡಗಡೆಯ ಅಂಚಿನಲ್ಲಿ ಬೆಳಕಿನ ಒಂದು ಸಣ್ಣ ಗೀರು, ತುದಿಯಲ್ಲಿ ಕೊಕ್ಕೆಯಾಗಿ ಬಾಗಿದೆ. ಮೂರು ಉಸಿರು. ಬರೆದೆವು. ಸಾಕ್ಷಿಕಟ್ಟೆಯಲ್ಲಿ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಆ ಕೊಕ್ಕೆಯೂ ಕೂಡಿತು. ನಾನು ಎಲ್ಲರೆದುರು ಗೊಳೋ ಎಂದು ಅತ್ತೆ.

ಇಪ್ಪತ್ತು ದಿನಕ್ಕೆ ಕನ್ನಡಿ ಇಳಿಯಿತು. ಆ ಸಂಜೆ ಸೂರ್ಯ ಮುಳುಗಿದ, ಮತ್ತೆ ಬೆಳಕಾಗಲಿಲ್ಲ. ಮಕ್ಕಳು ಹೆದರಿ ಚೀರಿದವು. ಮುದುಕರು ಗೋಡೆ ತಡವಿಕೊಂಡು ಬೀದಿಗೆ ಬಂದರು. ಪದ್ದಿ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಕೃತ್ತಿಕೆ, ರೋಹಿಣಿ ಎಂದು ಹೆಸರು ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. "ನಡುವೆ ಹೊಗೆ ಥರ ಇದ್ಯಲ್ಲ, ಅದೇನು?" ಎಂದಳು. ಹೊಗೆಯಲ್ಲ, ಅವೂ ನಕ್ಷತ್ರಗಳೇ ಅಂತೆ ಎಂದೆ. ಅವಳು ನನ್ನ ತೋಳು ಹಿಡಿದಳು. ಉಗುರು ಊರಿತು.

"ಇಷ್ಟೊಂದಾ?" ಎಂದಳು. "ಅಮ್ಮಾ, ಇಷ್ಟೊಂದಾ? ಇಷ್ಟನ್ನೂ ನೋಡಿದ್ದು, ಆಮೇಲೆ ಕೈ ಎತ್ತಿದ್ರಾ?"

ಅರ್ಜಿಯ ಹಾಳೆ ಮಗ್ಗದ ಹಲಗೆಯ ಮೇಲಿತ್ತು. ಒಳಗೆ ಹೋಗಿ, ಬುಡ್ಡಿ ಹಚ್ಚಿ, ನಾನು ಹೇಳುವ ಮೊದಲೇ ಪೆನ್ನು ತೆಗೆದಳು. ಅವಳ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ. ನಿಜ ಹೇಳುತ್ತೇನೆ, ಇಪ್ಪತ್ತೈದು ವರ್ಷ ಕಾದ ನನಗೆ ಆ ಗಳಿಗೆಯಲ್ಲಿ ಅವಳನ್ನು ತಡೆಯಬೇಕೆನಿಸಿತು. ನನ್ನ ಸಿಟ್ಟು ಇನ್ನು ಅವಳದೂ ಆಯಿತಲ್ಲ. ಅದನ್ನೂ ನಿಮ್ಮ ತಲೆಗೇ ಕಟ್ಟುತ್ತೇನೆ. ಆದರೆ ಕೈ ಹಿಡಿಯಲಿಲ್ಲ. ಅವಳು ನಿಮ್ಮ ಹೆಸರನ್ನು ಒತ್ತೊತ್ತಿ ಬರೆದಳು, ಹಾಳೆ ಹರಿಯುವಷ್ಟು ಒತ್ತಿ.

ನಿನ್ನೆ ಮಹಾಲಯ ಅಮಾವಾಸ್ಯೆ. ಪ್ರತಿ ವರ್ಷ ಒಂಬತ್ತು ಎಲೆ ಹಾಸುತ್ತಿದ್ದೆವು. ನಿನ್ನೆ ಎಂಟು ಹಾಸಿದೆವು. ಸುಚೇತಜ್ಜಿಯ ಎಲೆಗೆ ಪದ್ದಿ ಎರಡು ಹೋಳಿಗೆ ಹೆಚ್ಚು ಬಡಿಸಿದಳು. ನೀವು ಹಸಿದುಕೊಂಡಿರಿ.

ದಾನಕ್ಕ